ಅರ್ಧ ಕ್ಲಚ್ಚು

ಬಿಚ್ಚಿ ಕೈಗೆ ಕೊಟ್ಟ ಜವರಪ್ಪ ಹಳೇ ಕ್ಲಚ್ ಪ್ಲೇಟು:
ನೋಡಿ ಮೇಡಂ, ರಿವೆಟ್ಟು ಕಾಣ್ತಾ ಅದೆ,
ರಾಗಿ ಬೀಸೋ ಕಲ್ಲೂ ಇಷ್ಟು ಸವೆಯಲ್ಲ.

ಇದನ್ನು ಸವೆಸಿದ್ದು ದಾರಿಯಲ್ಲ.
ಹನ್ನೊಂದು ವರ್ಷದಲ್ಲಿ ನನ್ನ ಮಾರುತಿ
ಸಾಲಗಾಮೆ ರಸ್ತೆ ಬಿಟ್ಟು ಎಲ್ಲಿಗೆ ಹೋಗಿದೆ?
ಹೋದಷ್ಟೂ ಎರಡನೇ ಗೇರಿನಲ್ಲಿ.
ಇದನ್ನು ತಿಂದದ್ದು ಎಡಗಾಲುಗಳು.
ಆಲೂಗಡ್ಡೆ ಮಂಡಿಯ ಶಂಭುಲಿಂಗನ ಹವಾಯಿ ಚಪ್ಪಲಿ,
ಲಾರಿ ಎದುರಾದಾಗೆಲ್ಲ ಕಣ್ಣು ಮುಚ್ಚುತ್ತಿದ್ದ
ರೇಷ್ಮೆ ಇಲಾಖೆಯ ಜಲಜಾಕ್ಷಿಯ ಹಿಮ್ಮಡಿ,
ಬ್ರೇಕೆಂದು ಇದನ್ನೇ ತುಳಿದು ಯೇಸುವೇ ಎನ್ನುತ್ತಿದ್ದ
ಸಿಸ್ಟರ್ ಬೆನಡಿಕ್ಟಾರ ಬಿಳಿ ಕ್ಯಾನ್ವಾಸು.
ಅವರೆಲ್ಲರ ಹೆದರಿಕೆ ನುಣ್ಣಗೆ ಪುಡಿಯಾಗಿ
ಗೇರ್ ಬಾಕ್ಸಿನ ಬಾಯಲ್ಲಿ ಕಪ್ಪಗೆ ಕೂತಿತ್ತು.
ಜವರಪ್ಪ ಬ್ರಷ್ಷಿನಲ್ಲಿ ಗುಡಿಸಿ, ಊದಿ,
ಕೆಮ್ಮಿದ.

ಗುರುವಾರ ಎಫ್‌ಸಿ.

ಬಿ.ಎಂ. ರೋಡಿನಲ್ಲಿ ಚಂಪಾಲಾಲರು
ಗಾಜಿನ ಮೇಲೆ ಮೂರು ಪ್ಲೇಟು ಇಟ್ಟರು,
ಸೀರೆಯಂಗಡಿಯಲ್ಲಿ ಮಡಿಕೆ ಬಿಚ್ಚುವ ಹಾಗೆ.
ಇದು ಕಂಪನೀದು. ಇದು ಕಂಪನಿ ಥರದ್ದು.
ಇದು (ದನಿ ಇಳಿಸಿ) ಓಡತ್ತೆ.
ಡಬ್ಬದ ಮೇಲೆ ಮಿನುಗುವ ಮುದ್ರೆ.
ಉಗುರಿನಲ್ಲಿ ಕೆರೆದು ನೋಡಿದೆ.
ಕೆರೀಬೇಡಿ ಅಕ್ಕಾ, ರೇಟು ಕೇಳಿ.
ಕೇಳಿದೆ. ನನ್ನ ಲೆಕ್ಕ ರೂಪಾಯಿಯಲ್ಲಲ್ಲ, ಪಾಠದಲ್ಲಿ:
ಕಂಪನೀದಕ್ಕೆ ಒಬ್ಬರಿಗೆ ಹತ್ತು ಬೆಳಗು,
ಥರದ್ದಕ್ಕೆ ಐದು,
ಓಡುವುದಕ್ಕೆ ಎರಡೇ.

ಇಷ್ಟು ವರ್ಷ ಒಂದು ನೇಮ ಇಟ್ಟುಕೊಂಡಿದ್ದೇನೆ.
ನಿಲ್ಲಿಸುವುದಕ್ಕೆ ಕಂಪನೀದೇ ಆಗಬೇಕು,
ಬ್ರೇಕ್ ಶೂ, ಸಿಲಿಂಡರು, ಕಡಲೆಯಷ್ಟು ರಬ್ಬರಾದರೂ ಸರಿ,
ಚೌಕಾಸಿ ಇಲ್ಲ.
ಕೂಗುವುದಕ್ಕೆ ಲೋಕಲ್ಲು ಸಾಕು.
ಬಾಗಿಲ ಹಿಡಿ, ಕಿಟಕಿ ತಿರುಗಿಸುವ ಕೈ, ಒಳಗನ್ನಡಿ
ತಣ್ಣೀರುಹಳ್ಳದ ಗುಜರಿಯವು.
ಕನ್ನಡಿಯ ಮೂಲೆಯಲ್ಲಿ ಯಾರದೋ ಸ್ಟಿಕ್ಕರು, ಮೆರೂನು,
ಯಾವ ಮದುವೆಗೆ ಹೊರಟವಳೋ, ಇಳಿಯುವಾಗ ಮರೆತಿದ್ದಾಳೆ.
ನಾನು ಕಿತ್ತಿಲ್ಲ.
ಎಲ್ಲಿ ನೋಡಬೇಕು ಮೇಡಂ ಎಂದವರಿಗೆ
ಬೊಟ್ಟಿನ ಕೆಳಗೆ ನೋಡಿ ಅನ್ನುತ್ತೇನೆ,
ಹಿಂದಿನ ಬಸ್ಸು ಅಲ್ಲೇ ಕಾಣುತ್ತದೆ.

ಕ್ಲಚ್ಚು ಮಾತ್ರ ಯಾವ ಸಾಲಿಗೂ ಸೇರದು.
ನಿಲ್ಲಿಸುವುದೂ ಅಲ್ಲ, ಓಡಿಸುವುದೂ ಅಲ್ಲ.
ಜವರಪ್ಪನಿಗೆ ಫೋನು ಮಾಡಿದೆ.
ಕಲಿಯೋರ ಗಾಡಿಗೆ ಕಂಪನೀದು ಯಾಕೆ ಮೇಡಂ,
ಆರು ತಿಂಗಳಿಗೆ ತಿಂದಾಕ್ತಾರೆ.

ತಿನ್ನುವವರು ಬರುತ್ತಾರೆ ಅಂತಲೇ ತಾನೆ
ಒಳ್ಳೆ ಅಕ್ಕಿ ನೆನೆಹಾಕುವುದು?
ಕಂಪನೀದೇ ಕಟ್ಟಿಸಿಕೊಂಡೆ.
ಚಂಪಾಲಾಲರು ಒಂದು ಕ್ಯಾಲೆಂಡರು ಕೊಟ್ಟರು,
ಹೋದ ವರ್ಷದ್ದು.

ಮಾರಿಬಿಡಿ ಅನ್ನುತ್ತಾರೆ ಎಲ್ಲರೂ,
ಕಿರುಬೆರಳಲ್ಲಿ ತಿರುಗುವ ಸ್ಟೇರಿಂಗ್ ಬಂದಿದೆ ಈಗ.
ಬಂದಿರಲಿ. ಹೊಸ ಗಾಡಿಯಲ್ಲಿ
ತಪ್ಪು ಮಾಡಿದರೆ ಕೇಳಿಸುವುದೇ ಇಲ್ಲ.
ಇದು ಹಲ್ಲು ಕಡಿಯುತ್ತದೆ, ಕೆಮ್ಮುತ್ತದೆ, ಒದರುತ್ತದೆ,
ಕಲಿಯುವವರ ಬೆನ್ನುಮೂಳೆಗೆ ನೇರ ಹೇಳುತ್ತದೆ.

ಗುರುವಾರ ಆರ್‌ಟಿಓ ಆವರಣದಲ್ಲಿ
ಇನ್ಸ್‌ಪೆಕ್ಟರು ಟೈರು ಒದ್ದು, ಹಾರನ್ ಹೊಡೀರಿ ಅಂದರು.
ಲೋಕಲ್ ಹಾರನ್ನು ಕತ್ತೆಯಂತೆ ಅರಚಿತು.
ಒಂದು ವರ್ಷ ಕೊಟ್ಟರು.

ಶುಕ್ರವಾರ, ಬೆಳಗ್ಗೆ ಆರು. ಡೈರಿ ಸರ್ಕಲ್ಲಿನ ಏರು.
ಸ್ಟೇರಿಂಗಿನ ಹಿಂದೆ ಅಂಚೆ ಕಚೇರಿಯಿಂದ ನಿವೃತ್ತರಾದ ತೀರ್ಥಪ್ಪನವರು,
ಮಫ್ಲರು, ಅರವತ್ತೆರಡು,
ಎಡ ಮಂಡಿ ಹೋದ ವರ್ಷ ಬದಲಿಸಿದ್ದು.
ಕಂಪನೀದಾ ಸಾರ್? ಬಾಯಿ ತಪ್ಪಿ ಕೇಳಿಬಿಟ್ಟೆ.
ಡಬ್ಬ ತೋರಿಸಲಿಲ್ಲವಮ್ಮ ಅವರು.

ಹೊಸ ಪ್ಲೇಟಿಗೂ ಹೊಸ ಮಂಡಿಗೂ
ಇನ್ನೂ ನಂಬಿಕೆ ಕೂತಿಲ್ಲ.
ಎರಡು ಸಲ ಆಫಾಯಿತು.
ಬಿಡಿ ಸಾರ್, ಮೆಲ್ಲಗೆ. ಇನ್ನೊಂಚೂರು.
ಅಲ್ಲೇ. ಅಲ್ಲೇ ಹಿಡಿದಿರಿ.
ಬಾನೆಟ್ಟು ತುಸು ತಲೆಯೆತ್ತಿತು.
ಹಿಂದಕ್ಕೆ ಜಾರದೆ, ಮುಂದಕ್ಕೂ ಹೋಗದೆ
ಗಾಡಿ ನಡುಗುತ್ತ ನಿಂತಿತು.
ಬೊಟ್ಟಿನ ಕೆಳಗೆ ಹಾಲಿನ ಟ್ಯಾಂಕರು
ಕನ್ನಡಿ ತುಂಬ ಬಂದು ಹಾರನ್ ಹೊಡೆಯಿತು.

ನನ್ನ ಪಾದದ ಕೆಳಗೆ ನನ್ನದೊಂದು ಬ್ರೇಕಿದೆ.
ಒತ್ತಲಿಲ್ಲ.